ಕುತ್ತಿಗೆಯ ಸಾಲು

ಆಗಸ್ಟ್ ೧೮, ಸೋಮವಾರ

ಇವತ್ತಿನಿಂದ ನಾನು ಕಲೆಯ ಉದ್ಧಾರಕಿ. ಹಾಗೆಂದು ಗೌರೀಶ ಸರ್ ವಿಡಿಯೋ ಕಾಲ್‌ನಲ್ಲಿ ಹೇಳಿದರು. ಅವರ ಹಿಂದೆ ಯಾರೋ ಮಿಕ್ಸರ್ ಹಚ್ಚಿದ್ದರಿಂದ ಎರಡೆರಡು ಸಲ ಹೇಳಬೇಕಾಯಿತು. ಅವರದು ಹುಬ್ಬಳ್ಳಿಯಲ್ಲಿ ಕಂಪನಿ. ಕಂಪನಿ ಎಂದರೆ ಅವರು, ಒಂದು ಗಾಜಿನ ಬಾಗಿಲು, ಮತ್ತು ನವಲಗುಂದದ ಮನೆಯಲ್ಲಿ ಕೂತು ಕೋಡ್ ಬರೆಯುವ ನಾನು. ಸರ್ ಸಂಶಿ ಎಂಬ ಊರಿನ ಹೊಲಮನೆಯವರು, ದಿನಾ ಲಿಂಗಪೂಜೆ ತಪ್ಪಿಸುವವರಲ್ಲ. ಅದೇ ಭಕ್ತಿಯಿಂದ ಬ್ಲಾಕ್‌ಚೈನ್ ಎಂಬ ಶಬ್ದವನ್ನೂ ಜಪಿಸುತ್ತಾರೆ.

ಕೆಲಸ ಇಷ್ಟು. ನಮ್ಮ ಊರಿನ ಜಮಖಾನದ ವಿನ್ಯಾಸವನ್ನು ಬ್ಲಾಕ್‌ಚೈನ್ ಮೇಲೆ ಹಾಕಬೇಕು. ಅಲ್ಲಿ ಒಮ್ಮೆ ಬರೆದದ್ದನ್ನು ಯಾರಪ್ಪನಿಂದಲೂ ಅಳಿಸಲಾಗದು. ಬರೆದದ್ದನ್ನು ಅಲ್ಲಿ ಕೂರಿಸಿ ಕಾಯುವ ಪ್ರೋಗ್ರಾಮಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಸ್ಮಾರ್ಟ್ ಅನ್ನುವುದು ಹೆಸರಿಗೆ. ಹೇಳಿದಷ್ಟನ್ನೇ ಮಾಡುತ್ತದೆ, ತಪ್ಪು ಹೇಳಿದರೆ ತಪ್ಪನ್ನೇ ಕಡೆತನಕ ಮಾಡುತ್ತದೆ. ಅದಕ್ಕೂ ನಮ್ಮ ಅಣ್ಣ ಅಕೀಲನಿಗೂ ಇರುವ ವ್ಯತ್ಯಾಸವೆಂದರೆ ಅದು ಊಟ ಕೇಳುವುದಿಲ್ಲ.

ಜಮಖಾನವನ್ನು ಕಂಪ್ಯೂಟರಿಗೆ ತಿಳಿಸುವ ದಾರಿಯನ್ನು ನಾನೇ ಹುಡುಕಿದೆ. ಅಡ್ಡಡ್ಡ ನೇಯುವ ಒಂದೊಂದು ಸಾಲೂ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಒಂದು ಸರ. ಎಷ್ಟು ಎಳೆ ಕೆಂಪು, ಎಷ್ಟು ಎಳೆ ಕರಿ ಎಂದು ಬರೆದರೆ ಒಂದು ಸಾಲಾಯಿತು. ಅಂಥ ಸಾಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಸ್ಟ್ರಿಂಗುಗಳ ಅರೇ. ಅರೇ ಮುಗಿದರೆ ಜಮಖಾನ ಮುಗಿಯಿತು. ಸರ್ ಇದನ್ನು ಕೇಳಿ "ಜೀನಿಯಸ್ ಇದ್ದೀ ಮುಸರತ್" ಎಂದರು. ಪಗಾರದ ಮಾತು ಬಂದಾಗ ನಾನು ಮತ್ತೆ ಟ್ರೇನಿ ಆಗುತ್ತೇನೆ.

ಒಂದೇ ಅಡಚಣೆ. ಆ ಸಾಲುಗಳು ನನಗೆ ಗೊತ್ತಿಲ್ಲ. ನಮ್ಮ ಮನೆಯ ನವಿಲು ಅಮ್ಮ ಜರೀನಾಬಿಯ ತಲೆಯಲ್ಲಿದೆ. ಬೇರೆ ಮನೆಗಳ ಜಮಖಾನದ ನವಿಲು ಮುಂದೆ ನೋಡುತ್ತದೆ, ನಮ್ಮದು ಕುತ್ತಿಗೆ ತಿರುಗಿಸಿ ತನ್ನ ಬಾಲವನ್ನೇ ನೋಡಿಕೊಳ್ಳುತ್ತದೆ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಅತ್ತೆ ಸೊಸೆಯನ್ನು ಮಗ್ಗದ ಮುಂದೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಾಳೆ, ಅಷ್ಟೆ. ಮಗಳಿಗೆ ಹೇಳುವುದಿಲ್ಲ. ಮಗಳು ಮದುವೆಯಾಗಿ ವಿನ್ಯಾಸವನ್ನು ಬೇರೆ ಮನೆಗೆ ಒಯ್ದಾಳು ಎಂಬ ಭಯ. ಚಿಕ್ಕವಳಿದ್ದಾಗ ಅಮ್ಮ ನವಿಲು ನೇಯಲು ಕೂತರೆ ಸಾಕು, ನನ್ನನ್ನು ಸಕ್ಕರೆ ತರಲು ಅಂಗಡಿಗೆ ಅಟ್ಟುತ್ತಿದ್ದಳು. ನಮ್ಮ ಮನೆಯಲ್ಲಿ ಸಕ್ಕರೆಗೆ ಎಂದೂ ಬರ ಬಂದಿಲ್ಲ.

ಈಗ ಅಮ್ಮನ ಬಲಭುಜ ಹಿಡಿದುಬಿಟ್ಟಿದೆ. ಸಾಲನ್ನು ಗುದ್ದಿ ಕೂರಿಸುವ ಕಬ್ಬಿಣದ ಹಣಿಗೆಗೆ ಪಂಜ ಎನ್ನುತ್ತಾರೆ, ಅದನ್ನು ಎತ್ತಲಾಗುವುದಿಲ್ಲ. ಮಗ್ಗದ ಮೇಲೆ ಅಂಚಷ್ಟೇ ನೇಯ್ದ ಜಮಖಾನ ಹಾಗೇ ನಿಂತಿದೆ. ಸೊಸೆ ರೂಬಿನಾ, ಅಕೀಲನ ಹೆಂಡತಿ, ಶಾಲೆಯಲ್ಲಿ ಟೀಚರು. "ನಾ ಲಗ್ನ ಆಗಿದ್ದು ನಿಮ್ಮ ಮಗನ್ನ, ಮಗ್ಗಾನ್ನಲ್ಲ" ಎಂದು ಮೊದಲ ವರ್ಷವೇ ಮಗ್ಗದ ಮುಂದಿನ ಹಲಿಗೆಯಿಂದ ಎದ್ದುಬಿಟ್ಟಳು. ಹೀಗಾಗಿ ನವಿಲು ಅಮ್ಮನ ಹತ್ತಿರ ಬಂದು ನಿಂತಿದೆ, ಮುಂದಕ್ಕೆ ಹೋಗುವ ದಾರಿ ಇಲ್ಲ. ನನಗೇನಂತೆ. ನನಗೆ ಬೇಕಾದ್ದು ಡೇಟಾ.

ಆಗಸ್ಟ್ ೨೦, ಬುಧವಾರ

ಅಮ್ಮನನ್ನು ಕೇಳಿದೆ. ಜೋಳದ ಹಿಟ್ಟು ಸಾಣಿಸುತ್ತಿದ್ದಳು, ಎಡಗೈಯಲ್ಲಿ.

"ಅಮ್ಮಾ, ನವಿಲಿನ ಲೆಕ್ಕ ಹೇಳು. ಕಂಪ್ಯೂಟರಿಗೆ ಹಾಕಬೇಕು."

"ಯಾರಿಗೆ?"

"ಕಂಪ್ಯೂಟರಿಗೆ ಬೇ."

ಸಾಣಿಗೆ ನಿಂತಿತು. ಅಮ್ಮ ಬಹಳ ಹೊತ್ತು ಲ್ಯಾಪ್‌ಟಾಪನ್ನೇ ನೋಡಿದಳು. ಹೆಣ್ಣು ನೋಡಲು ಬಂದವರು ನೋಡುವ ಹಾಗೆ ನೋಡಿದಳು.

"ಇದು ನಮ್ಮ ಮನ್ಯಾಗ ಇರತೈತಿ?"

"ಇಲ್ಲೇ ಇರತೈತಿ."

"ಲಗ್ನ ಗಿಗ್ನ ಆಗಿ ಎಲ್ಲೂ ಹೋಗೂದಲ್ಲಲ್ಲ."

ಅಪ್ಪ ಮಹಬೂಬಸಾಬ ಡ್ಯೂಟಿಗೆ ಹೊರಟು ನಿಂತಿದ್ದ. ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ನಗುವನ್ನೂ ಚಿಲ್ಲರೆಯ ಹಾಗೆ ಲೆಕ್ಕ ಹಾಕಿ ಕೊಡುವವನು. ಅವನೂ ನಕ್ಕುಬಿಟ್ಟ.

"ಹಂಗಾರ ಹೇಳ್ತೀನಿ" ಎಂದಳು ಅಮ್ಮ. "ಭದ್ರ ಇರತೈತೇನು ಅದರಾಗ?"

"ಯಾರಿಗೂ ಅಳಸಾಕ ಬರಂಗಿಲ್ಲ."

ಇದು ನಿಜ. ಇನ್ನರ್ಧ ನಿಜವೆಂದರೆ, ಅಲ್ಲಿ ಬರೆದದ್ದನ್ನು ಭೂಮಿಯ ಮೇಲಿನ ಯಾರು ಬೇಕಾದರೂ ಓದಬಹುದು. ಅದನ್ನು ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ.

ಇಪ್ಪತ್ತಾರು ವರ್ಷ ಈ ಮನೆಯ ರೊಟ್ಟಿ ತಿಂದ ನನ್ನ ಮೇಲೆ ಅನುಮಾನ. ಮೊನ್ನೆ ಮೊನ್ನೆ ಕಂತಿನ ಮೇಲೆ ಬಂದ ಲ್ಯಾಪ್‌ಟಾಪು ಮನೆಯ ಸೊಸೆ. ಇರಲಿ. ಆ ಸೊಸೆಗೆ ಬೆರಳಿಲ್ಲ, ಬೆರಳು ನನ್ನವು.

ಆಗಸ್ಟ್ ೨೩, ಶನಿವಾರ

ಅಮ್ಮನಿಗೆ ಹೊರಸಿನ ಮೇಲೆ ಕೂತು ಹೇಳಲು ಬರುವುದಿಲ್ಲವಂತೆ. ಮಗ್ಗದ ಹಲಿಗೆಯ ಮೇಲೆಯೇ ಕೂರಬೇಕು, ಎದುರಿಗೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಇರಬೇಕು, ಬೆರಳು ಆಡುತ್ತಿರಬೇಕು. ಹಾಗಾಗಿ ಅವಳ ಮುಖ ಮಗ್ಗಕ್ಕೆ, ಬೆನ್ನು ನನಗೆ. ಹೇಳುವುದು ಕನ್ನಡದಲ್ಲಿ. ಮನೆಯಲ್ಲಿ ನಮ್ಮದು ನಮ್ಮ ಉರ್ದು (ಈ ಪುಸ್ತಕದಲ್ಲಿ ನಾನೇ ಅದನ್ನು ಕನ್ನಡ ಮಾಡಿ ಬರೆಯುತ್ತೇನೆ), ಆದರೆ ಮಗ್ಗದ ಮುಂದೆ ಅಮ್ಮನ ಅತ್ತೆ ಕನ್ನಡದಲ್ಲೇ ಎಣಿಸುತ್ತಿದ್ದಳಂತೆ, ಅದಕ್ಕೆ ಇವಳೂ.

"ಹನ್ನೆರಡು ಕೆಂಪು, ಮೂರು ಕರಿ, ಒಂದು ಹಳದಿ, ಮೂರು ಕರಿ, ಹನ್ನೆರಡು ಕೆಂಪು."

ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಹಾಕಿದೆ. ಪರೀಕ್ಷೆಗೆ ಓಡಿಸಿದೆ. ಶುಲ್ಕ ನೋಡಿ ಲ್ಯಾಪ್‌ಟಾಪು ಮುಚ್ಚಿ ಮತ್ತೆ ತೆರೆದೆ. ಬ್ಲಾಕ್‌ಚೈನ್‌ನಲ್ಲಿ ಬರೆಯಲು ಜಾಗದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಜಾಗ ಸಣ್ಣ ಸಣ್ಣ ಡಬ್ಬಿಗಳಲ್ಲಿ ಸಿಗುತ್ತದೆ, ಇಂಗ್ಲಿಷ್ ಅಕ್ಷರ ಒಂದು ಪಾಲು ತಿಂದರೆ ಕನ್ನಡದ್ದು ಮೂರು ಪಾಲು ತಿನ್ನುತ್ತದೆ, ಒತ್ತು ಕೊಂಬುಗಳದ್ದು ಬೇರೆ. "ಹನ್ನೆರಡು ಕೆಂಪು" ಎನ್ನುವಷ್ಟರಲ್ಲಿ ಮೊದಲ ಡಬ್ಬಿ ತುಂಬಿ ಚೆಲ್ಲಿತು. ಸಾಮಾನು ಹೆಚ್ಚಿಗೆ ಹೊತ್ತು ಬಸ್ಸು ಹತ್ತಿದವರನ್ನು ಅಪ್ಪ ನೋಡುವಂತೆ ಅದು ನಮ್ಮನ್ನು ನೋಡುತ್ತದೆ.

ಸರ್‌ಗೆ ಫೋನ್ ಮಾಡಿದೆ. "ಸಂಸ್ಕೃತಿ ಉಳಸೂಣು, ಆದರ ಇಂಗ್ಲಿಷ್ ಅಕ್ಷರದಾಗ ಉಳಸೂಣು" ಎಂದರು. ಕೆಂಪಿಗೆ ಒಂದು ಅಕ್ಷರ, ಕರಿಗೆ ಒಂದು, ಹಳದಿಗೆ ಒಂದು. ಅಮ್ಮ ಇಡೀ ಉಸಿರಿನಲ್ಲಿ ಹೇಳುವ ಸಾಲು ಈಗ ಔಷಧದ ಚೀಟಿಯಂತೆ ಕಾಣುತ್ತದೆ.

ಆಗಸ್ಟ್ ೨೪, ಭಾನುವಾರ

ರಜೆ. ಆದರೂ ಅಮ್ಮ ಹಲಿಗೆಯ ಮೇಲೆ ಕೂತು "ಬಾ" ಎಂದಳು. ಹೋದೆ. ಕೆಲಸ ಬೇಗ ಮುಗಿದರೆ ನನಗೇ ಒಳ್ಳೆಯದಲ್ಲವೇ.

ಆಗಸ್ಟ್ ೨೯, ಶುಕ್ರವಾರ

ಇವತ್ತು ಬಾಲ ಮುಗಿಸಿದ ಮೇಲೆ ಏನೋ ಸರಿಯಿಲ್ಲ ಎನ್ನಿಸಿತು. ಬಾಲದ ಕಣ್ಣು ಕೆಳಗಿನ ಸಾಲುಗಳಲ್ಲಿ ಎಷ್ಟು ಬಿಚ್ಚಿಕೊಂಡಿತೋ ಮೇಲಿನ ಸಾಲುಗಳಲ್ಲಿ ಅಷ್ಟೇ ಮುಚ್ಚಿಕೊಳ್ಳಬೇಕು, ಮುಚ್ಚಿರಲಿಲ್ಲ. "ಅಮ್ಮಾ, ಇಲ್ಲಿ ಒಂದು ಸಾಲು ಬಿಟ್ಟೀ" ಎಂದೆ. ಅಮ್ಮ ಬೆರಳು ಆಡಿಸಿ ನೋಡಿದಳು, ತಿರುಗಿ ನನ್ನನ್ನು ನೋಡಿದಳು. "ಹೌದು, ಹಸರು ಬಿಟ್ಟೀನಿ" ಎಂದಳು. ನಾನು ಮಾಡಿದ್ದು ಡೇಟಾ ತಪಾಸಣೆ, ಇದರಲ್ಲಿ ವಿಶೇಷ ಏನೂ ಇಲ್ಲ.

ಆದರೆ ಬಿಟ್ಟ ಸಾಲನ್ನು ನಡುವೆ ತೂರಿಸುವುದು ಎಂದರೆ ಹೆರಿಗೆ. ಇನ್ನೂ ಪರೀಕ್ಷೆಯಲ್ಲಿರುವಾಗ ಅರೇಯ ಕೊನೆಗೆ ಒಂದು ಸಾಲು ಸೇರಿಸುವುದು ಸುಲಭ, ಕೊನೆಯದನ್ನು ಕಿತ್ತುಹಾಕುವುದೂ ಸುಲಭ. ನಡುವೆ ಜಾಗ ಬೇಕೆಂದರೆ ಅಲ್ಲಿಂದ ಮುಂದಿನವರೆಲ್ಲ ಒಬ್ಬೊಬ್ಬರಾಗಿ ಎದ್ದು ಒಂದು ಸೀಟು ಹಿಂದೆ ಹೋಗಬೇಕು, ಎದ್ದವರೆಲ್ಲರ ಟಿಕೀಟೂ ಮತ್ತೆ ಹರಿಯಬೇಕು, ಅಂದರೆ ಅಷ್ಟೂ ಸಾಲಿನ ಶುಲ್ಕ ಮತ್ತೆ ಕಟ್ಟಬೇಕು. ಸರಿ, ತಪ್ಪಿದ್ದನ್ನು ಅಳಿಸೋಣವೆಂದರೆ ಅಳಿಸಿದ ಸಾಲು ಹೋಗುವುದೇ ಇಲ್ಲ, ಖಾಲಿ ಸಾಲಾಗಿ ಅಲ್ಲೇ ಕೂತಿರುತ್ತದೆ. ಎರಡು ಸ್ಟ್ರಿಂಗುಗಳು ಒಂದೇ ಹೌದೋ ಅಲ್ಲವೋ ಎಂದು ನೇರವಾಗಿ ಕೇಳಿದರೂ ಈ ಭಾಷೆ ಉತ್ತರ ಕೊಡುವುದಿಲ್ಲ. ಎರಡನ್ನೂ ಅರೆದು ಗುರುತು ಸಿಗದಂತೆ ಮಾಡಿ, ಆಮೇಲೆ ಆ ಹಿಟ್ಟನ್ನು ಹೋಲಿಸಬೇಕು. ಇದನ್ನು ಕಂಡುಹಿಡಿದವರಿಗೆ ದೇವರು ಒಳ್ಳೆಯದು ಮಾಡಲಿ, ಅವರ ಮನೆಯಲ್ಲಿ ಒಂದು ಮಗ್ಗ ಇಡಲಿ.

ಪರೀಕ್ಷೆಗೆ ಹಾಕಿದ್ದನ್ನೆಲ್ಲ ಬಿಟ್ಟು ಮೊದಲಿಂದ ಹಾಕಿದೆ. ಅಮ್ಮನನ್ನು ಮತ್ತೆ ಕೇಳುವ ಪ್ರಸಂಗವೇ ಬರಲಿಲ್ಲ. ಬಾಲ ಬಾಯಿಗೆ ಬರುತ್ತಿತ್ತು.

ಸೆಪ್ಟೆಂಬರ್ ೭, ಭಾನುವಾರ

ಕುಬಿಹಾಳದವರು ಬಂದಿದ್ದರು, ನನ್ನನ್ನು ನೋಡಲು. ಹುಡುಗ ಸಾಧಿಕ್, ಗೊಬ್ಬರ ಬೀಜದ ಅಂಗಡಿ ಇದೆ. ತಾಯಿ ಮರಿಯಮಬಿ, ಚೂಡಾ ತಿನ್ನುತ್ತಲೇ ಮನೆಯ ತೊಲೆ ಎಣಿಸುವ ಹೆಂಗಸು.

"ಹುಡುಗಿ ಏನ್ ಮಾಡ್ತಾಳ್ರಿ?" ಎಂದು ಮರಿಯಮಬಿ ಕೇಳಿದರು.

"ಕಂಪ್ಯೂಟರಿನ್ಯಾಗ ಜಮಖಾನ ಹಾಕ್ತಾಳ್ರಿ" ಎಂದ ಅಪ್ಪ.

"ಹಂಗಾರ ನೇಯಾಕ ಬರ್ತೈತಿ ಅನ್ರಿ."

"ಇಲ್ರಿ, ಇಲ್ರಿ" ಎಂದು ಅಮ್ಮ ಬಿಸಿ ಮುಟ್ಟಿದವಳ ಹಾಗೆ ಹೇಳಿದಳು. "ಹೆಣ್ಣಮಕ್ಕಳಿಗೆ ನಾವು ಅದನ್ನ ಕಲಸಂಗಿಲ್ರಿ. ಅಗದಿ ಏನೂ ಗೊತ್ತಿಲ್ಲ ಅಕಿಗೆ."

ಮಗಳಿಗೆ ಬಂಗಾರದ ಪದಕ ಬಂದಿದೆ ಎನ್ನುವಷ್ಟು ಹೆಮ್ಮೆ ಆ ದನಿಯಲ್ಲಿ. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ, ಬಾಲದ ಸಾಲುಗಳನ್ನು ಮೇಲಿಂದ ಕೆಳಗೆ ಒಪ್ಪಿಸಿಬಿಡಲೇ ಎನ್ನಿಸಿತು. ಅಮ್ಮನ ಮೇಲೆ ಸಿಟ್ಟು ಬಂತು. ಇಷ್ಟು ದಿನ ಹೇಳಿದ್ದು ಯಾರಿಗೆ ಹಾಗಾದರೆ.

ಸಾಧಿಕ್ ಒಂದೇ ಪ್ರಶ್ನೆ ಕೇಳಿದ, ಅರೇ ಅಂದರೆ ಏನೆಂದು. ಹೇಳಿದೆ. ಅವನು ಯೋಚಿಸಿ, "ನಮ್ಮ ಗೋದಾಮಿನ್ಯಾಗ ಚೀಲ ಒಟ್ಟಿದಂಗ್ರಿ. ನಡುವಿನ ಚೀಲ ಬೇಕಂದ್ರ ಮ್ಯಾಲಿನವು ಎಲ್ಲಾ ಇಳಸಬೇಕು" ಎಂದ. ಮೂರು ತಿಂಗಳ ಆನ್‌ಲೈನ್ ಕೋರ್ಸಿನಲ್ಲಿ ನನಗೆ ಇಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ. ಮನುಷ್ಯ ಪೂರ್ತಿ ದಡ್ಡನಲ್ಲ. ಅಂಗಿ ಮಾತ್ರ ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟದ್ದು.

ಸಂಜೆಗೆ ಫೋನ್ ಬಂತು, ಅವರಿಗೆ ಒಪ್ಪಿಗೆ. ನನ್ನನ್ನು ಕೇಳಿದರು. "ಆಗಲಿ" ಎಂದೆ. ಅಮ್ಮ ಸಕ್ಕರೆ ಹಂಚಲಿಲ್ಲ, ಭುಜ ನೋಯುತ್ತದೆಂದು ಮಲಗಿದಳು.

ಸೆಪ್ಟೆಂಬರ್ ೮, ಸೋಮವಾರ

ಕುತ್ತಿಗೆ. ಇದು ಮುಗಿದರೆ ತಲೆ, ತಲೆ ಮುಗಿದರೆ ಕೆಲಸ ಮುಗಿಯಿತು.

ಅಮ್ಮ ಇವತ್ತು ತಡೆದು ತಡೆದು ಹೇಳಿದಳು. ಕುತ್ತಿಗೆ ತಿರುಗುವ ಜಾಗದಲ್ಲಿ ಬೆರಳು ಎಳೆಯ ಮೇಲೆ ನಿಂತೇಬಿಟ್ಟಿತು. ಆಮೇಲೆ ಹೇಳಿದಳು. "ಒಂಬತ್ತು ಕೆಂಪು, ಎರಡು ನೀಲಿ, ಐದು ಕೆಂಪು, ಎರಡು ನೀಲಿ, ಉಳದಿದ್ದು ಕೆಂಪು."

"ಬರಕೊಂಡಿ?" ಎಂದು ಕೇಳಿದಳು. ಇಷ್ಟು ದಿನದಲ್ಲಿ 'ಬರಕೊಂಡಿ' ಎಂದು ಒಮ್ಮೆಯೂ ಕೇಳಿರಲಿಲ್ಲ.

"ಹೂಂ" ಎಂದೆ. ಮದುವೆ ಗೊತ್ತಾದ ಮನೆಯಲ್ಲಿ ಎಲ್ಲರಿಗೂ ಶಿಸ್ತು ಬರುತ್ತದೆ.

ಸೆಪ್ಟೆಂಬರ್ ೧೨, ಶುಕ್ರವಾರ

ಗೌರೀಶ ಸರ್ ಸ್ವತಃ ನವಲಗುಂದಕ್ಕೆ ಚಿತ್ತೈಸಿದ್ದರು. ಎರೆಮಣ್ಣಿನ ಕೆಸರು ಬೂಟಿಗೆ ಹತ್ತಿದ್ದರಿಂದ ಅರ್ಧ ಗಂಟೆ ಬೂಟು ತೊಳೆಯುವುದರಲ್ಲಿ ಹೋಯಿತು. ಆಮೇಲೆ ಅಮ್ಮನಿಗೆ ಕೈಮುಗಿದು, "ನೀವು ನಮ್ಮ ಆಸ್ತಿ" ಎಂದರು. ಅಮ್ಮ ನನ್ನ ಕಡೆ ನೋಡಿದಳು, ಈ ಮನುಷ್ಯನಿಗೆ ಊಟ ಹಾಕಬೇಕೋ ಬೇಡವೋ ಎಂದು.

ಹೊರಗೆ ಕಾರಿನ ಹತ್ತಿರ ಬಂದಾಗ ನಿಜವಾದ ಮಾತು ಬಂತು. ಕೆಲಸಕ್ಕೆ ಹಣ ಹಾಕುತ್ತಿರುವ ಪಾರ್ಟಿಯದು ಯಂತ್ರಮಗ್ಗದ ಕಾರಖಾನೆ, ದೂರದ ಊರು.

"ಅವರಿಗೆ ಇದನ್ನ ಓದಾಕ ಬರ್ತೈತಲ್ಲ?" ಎಂದು ಸರ್ ಕೇಳಿದರು.

"ಯಾರಿಗೆ ಬೇಕಾದ್ರೂ ಬರ್ತೈತ್ರಿ. ಅಲ್ಲಿ ಗುಟ್ಟು ಅಂಬೂದು ಇಲ್ಲ."

"ಅಗದಿ ಛಲೋ ಆತು. ಅವರು ಮಶೀನಿಗೆ ಹಾಕಿ ಸಾವಿರಗಟ್ಟಲೆ ತಗೀತಾರ. ಕಲೆ ಉಳೀತು ನೋಡು."

ಸರ್ ಕಾರಿನ ಬಾಗಿಲು ತೆಗೆದು, ಇನ್ನೊಂದು ಮಾತು ಎಂದರು. ಪಾರ್ಟಿಗೆ ನಂಬಿಕೆ ಬರಲು ಒಂದು ಫೋಟೋ ಬೇಕಂತೆ. ಈ ಲೆಕ್ಕದಿಂದ ನವಿಲು ನೇಯ್ದು ತೋರಿಸಬೇಕು. ಅಮ್ಮನಿಗೆ ಕೈ ಏಳುವುದಿಲ್ಲ, ಅತ್ತಿಗೆ ಕೂರುವುದಿಲ್ಲ ಎಂದೆ. "ನೀ ಅದಿಯಲ್ಲ" ಎಂದು ಹೇಳಿ ಗಾಜು ಏರಿಸಿಕೊಂಡರು.

ಅಮ್ಮನಿಗೆ ಯಂತ್ರಮಗ್ಗದ ಮಾತು ಹೇಳಲಿಲ್ಲ. ನಾಳೆ ಹೇಳಿದರಾಯಿತು. ಇಲ್ಲದ ತಲೆನೋವು ಅವಳಿಗೇಕೆ.

ಸೆಪ್ಟೆಂಬರ್ ೧೫, ಸೋಮವಾರ

ಮಗ್ಗದ ಹಲಿಗೆಯನ್ನು ಮಾಡಿದವನಿಗೆ ಮನುಷ್ಯರಿಗೆ ಸೊಂಟ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಪಂಜ ಹಿಡಿದು ಅಂಗೈಯಲ್ಲಿ ಗುಳ್ಳೆ. ಮೊಬೈಲಿನಲ್ಲಿ ಅರೇ ತೆರೆದಿಟ್ಟುಕೊಂಡು ಒಂದು ಸಾಲು ಓದುವುದು, ಒಂದು ಸಾಲು ಎಳೆ ತೂರಿಸುವುದು, ಗುದ್ದುವುದು. ಅಮ್ಮ ನೇಯ್ದು ಬಿಟ್ಟ ಅಂಚಿನ ಮೇಲೆ ನನ್ನ ಬಾಲ ಏಳುತ್ತಿದೆ. ಅಮ್ಮನದು ಇಸ್ತ್ರಿ ಹಾಕಿದಂತಿದೆ, ನನ್ನದು ಒಗೆದು ಹಿಂಡಿದಂತೆ.

ಅಮ್ಮ ಹೊರಸಿನ ಮೇಲೆ ಕೂತು ನೋಡುತ್ತಾಳೆ. ಕಲಿಸುವುದಿಲ್ಲ, ಬೈಯುತ್ತಾಳೆ. "ಎಳಿ ಜಗ್ಗಬ್ಯಾಡ." "ಪಂಜ ಮಣಿಕಟ್ಟಿಲೆ ಹೊಡಿ, ಭುಜದಿಲೆ ಅಲ್ಲ, ನನ್ನಂಗ ಆಗ್ತೀ." ಬೈಗುಳದ ಪ್ರಕಾರ ಮಾಡಿದರೆ ಸಾಲು ನೆಟ್ಟಗೆ ಕೂರುತ್ತದೆ. ಕಾಕತಾಳೀಯ.

ಪಕ್ಕದ ಮನೆಯ ಜಮೀಲಾಬಿ ಬಾಗಿಲಲ್ಲಿ ನಿಂತಳು. ಅವರ ಮನೆಯಲ್ಲೂ ಮಗ್ಗವಿದೆ, ಅವರದು ಬೇರೆ ವಿನ್ಯಾಸ. ಊರಿನ ಪದ್ಧತಿ ಕೆಡದ ಹಾಗೆ ನೋಡಿಕೊಳ್ಳುವ ಹುದ್ದೆಯನ್ನು ಅವಳಿಗೆ ಯಾರೂ ಕೊಟ್ಟಿಲ್ಲ, ಆದರೂ ರಜೆ ಹಾಕದೆ ಮಾಡುತ್ತಾಳೆ.

"ಏನ ಬೇ ಜರೀನಾ, ಮಗಳನ್ನ ಸೊಸಿ ಮಾಡ್ಕೊಂಡಿ?"

"ಅಕಿ ನೇಯಾಕತ್ತಿಲ್ಲ" ಎಂದಳು ಅಮ್ಮ. "ಪರೀಕ್ಷಾ ಮಾಡಾಕತ್ತಾಳ."

ಸೆಪ್ಟೆಂಬರ್ ೧೯, ಶುಕ್ರವಾರ

ಸರ್ ಮೂರು ಸಲ ಫೋನ್ ಮಾಡಿದ್ದರಂತೆ. ಕೇಳಿಸಲಿಲ್ಲ. ಪಂಜದ ಸದ್ದು.

ಸೆಪ್ಟೆಂಬರ್ ೨೪, ಬುಧವಾರ

ಕುತ್ತಿಗೆ ಮುರಿಯಿತು.

ಬಾಲ ಬಂತು, ಹೊಟ್ಟೆ ಬಂತು, ಎದೆ ಬಂತು. ನಿನ್ನೆ ನಯವಾಗಿ ತಿರುಗಲು ಶುರುವಾಗಿದ್ದ ಕುತ್ತಿಗೆ ಇವತ್ತು ಒಂದೇ ಸಾಲಿಗೆ ಪಕ್ಕಕ್ಕೆ ಜಿಗಿದುಬಿಟ್ಟಿತು. ಮೇಲಿನ ಸಾಲುಗಳನ್ನೂ ಹಾಕಿ ನೋಡಿದೆ. ತಲೆ ಒಂದು ಕಡೆ, ಮೈ ಒಂದು ಕಡೆ. ಖಾಟೀಕನ ಮಾಂಸದಂಗಡಿಯ ನವಿಲು.

ನನ್ನದೇ ಬೆರಳಿನ ತಪ್ಪೆಂದು ಮೊದಲು ಕೋಡ್ ನೋಡಿದೆ. ಸರಿ ಇದೆ. ಅಮ್ಮ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ, ಕೇಳಿದೆ. ಒಂಬತ್ತು ಕೆಂಪು, ಎರಡು ನೀಲಿ. ಸ್ಪಷ್ಟವಾಗಿದೆ. ಅಮ್ಮ ಆಗ ಮನೆಯಲ್ಲಿರಲಿಲ್ಲ, ಭುಜದ ಎಣ್ಣೆ ತರಲು ಹೋಗಿದ್ದಳು. ಜಮೀಲಾಬಿ ಬಂದು ಮಗ್ಗ ನೋಡಿ ನಕ್ಕಳು.

"ನಿಮ್ಮಮ್ಮ ಪದ್ಧತಿ ಬಿಟ್ಟಿಲ್ಲ ನೋಡು."

"ಯಾವ ಪದ್ಧತಿ?"

"ಹೊರಗಿನವರು ಕೇಳಿದ್ರ ನಾವು ಇಲ್ಲ ಅನ್ನಂಗಿಲ್ಲವ್ವಾ. ಎಲ್ಲಾ ಹೇಳ್ತೀವಿ. ಒಂದು ಸಾಲು ಮಾತ್ರ ಮುರದು ಹೇಳ್ತೀವಿ."

ದಿನಚರಿಯನ್ನು ಹಿಂದೆ ತಿರುವಿ ನೋಡಿದೆ. ಕುಬಿಹಾಳದವರು ಬಂದದ್ದು ಭಾನುವಾರ. ಕುತ್ತಿಗೆಯ ಸಾಲು ಸೋಮವಾರ.

ಸೆಪ್ಟೆಂಬರ್ ೨೫, ಗುರುವಾರ

ಹೊರಗಿನವರು.

ಮಧ್ಯಾಹ್ನ ಅತ್ತುಬಿಟ್ಟೆ. ಬಹಳ ನೋವಾಯಿತು, ಇದರಲ್ಲಿ ತಮಾಷೆ ಮಾಡಲು ಏನೂ ಸಿಗುತ್ತಿಲ್ಲ. ರೂಬಿನಾ ನೋಡಿದಳು, ನನ್ನ ಪಾಳಿಯ ರೊಟ್ಟಿಯನ್ನೂ ತಾನೇ ಬಡಿದಳು.

ಸೆಪ್ಟೆಂಬರ್ ೨೭, ಶನಿವಾರ

ಎರಡು ದಿನ ಅಮ್ಮನೂ ನಾನೂ ಮಾತಾಡಿರಲಿಲ್ಲ. ಮುರಿದ ನವಿಲು ಮಗ್ಗದ ಮೇಲೆ ಎಲ್ಲರಿಗೂ ಕಾಣುವಂತೆ ನಿಂತಿತ್ತು, ಅಮ್ಮ ಅದರ ಮುಂದೆಯೇ ಓಡಾಡಿದಳು. ಇವತ್ತು ಬೆಳಿಗ್ಗೆ ನಾನೇ ಕೇಳಿದೆ.

"ಕುತ್ತಿಗಿ ಸಾಲು ಬೇಕಂತ ತಪ್ಪು ಹೇಳೀದಿ ಹೌದಿಲ್ಲ?"

"ಹೌದು."

ಇಲ್ಲ ಅನ್ನುತ್ತಾಳೆಂದುಕೊಂಡಿದ್ದೆ. ಇಲ್ಲ ಎಂದಿದ್ದರೆ ಬೈಯಲು ಎಲ್ಲ ತಯಾರಿ ಮಾಡಿಕೊಂಡಿದ್ದೆ.

"ಕುಬಿಹಾಳಕ್ಕ ಒಯ್ತೀನಿ ಅಂತ?"

ಅಮ್ಮ ಭುಜ ಒತ್ತಿಕೊಂಡಳು. "ಆವತ್ತ ಹಲಿಗಿ ಮ್ಯಾಲ ಕೂತಾಗ, ನಮ್ಮತ್ತಿ ಬಾಜೂಕ ನಿಂತು ನೋಡಾಕತ್ತಾಳ ಅನಿಸ್ತು. ಹೇಳಬಾರದು ಅನಿಸ್ತು, ಹೇಳಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ಹಾಗಾದರೆ ಕೇಳಿಸಿಕೋ ಎಂದು ಎಲ್ಲ ಹೇಳಿಬಿಟ್ಟೆ. ಕಂಪ್ಯೂಟರಿಗೆ ಹೇಳಿದ್ದು ತಿಜೋರಿಯಲ್ಲಿ ಇರುವುದಿಲ್ಲ, ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಬರೆದ ಹಾಗೆ, ಯಾರು ಬೇಕಾದರೂ ಓದಬಹುದು, ಯಾರಿಗೂ ಅಳಿಸಲು ಬರುವುದಿಲ್ಲ. ಓದಲು ಯಂತ್ರಮಗ್ಗದವರು ಕಾದು ಕೂತಿದ್ದಾರೆ. ಗೊತ್ತಿದ್ದೂ ನಾನು ಹೇಳಿರಲಿಲ್ಲ. ನೀನು ಒಂದು ಸಾಲು ಮುಚ್ಚಿಟ್ಟೆ, ನಾನು ಇದನ್ನು ಮುಚ್ಚಿಟ್ಟೆ. ಈಗ ಬೈದುಕೋ.

ಅಮ್ಮ ಬೈಯಲಿಲ್ಲ. "ಓದ್ಲಿ ಬಿಡು" ಎಂದಳು.

"ಓದ್ಲಿ ಅಂದ್ರ?"

"ಅದಕ್ಕ ಹೇಳಿದ್ದು ಅದಕ್ಕ ಹೇಳೀನಿ. ನಿನಗ ಇನ್ನೂ ಹೇಳಿಲ್ಲ."

ಎದ್ದು ಬಂದು ಹಲಿಗೆಯ ಎಡಬದಿಗೆ ಕೂತಳು. ಬಲಬದಿಯನ್ನು ಕೈಯಿಂದ ತಟ್ಟಿ, "ಕೂಡು" ಎಂದಳು. ನಾನು ಮೊಬೈಲ್ ತೆಗೆದುಕೊಂಡೆ. "ಅದನ್ನ ಅಲ್ಲೇ ಇಡು" ಎಂದಳು. ಇಟ್ಟೆ.

ಮೊದಲು ತಪ್ಪಿದ ಸಾಲುಗಳನ್ನು ಬಿಚ್ಚಿಸಿದಳು. ಮಗ್ಗದಲ್ಲಿಯೂ ನಡುವಿನದನ್ನು ತೆಗೆಯಲು ಮೇಲಿನದನ್ನೆಲ್ಲ ಬಿಚ್ಚಬೇಕು. ತಲೆ ಹೋಯಿತು, ಅರ್ಧ ಕುತ್ತಿಗೆ ಹೋಯಿತು. ಆ ಜಾಗ ಬಂದಾಗ ಅಮ್ಮ ಬಾಗಿಲ ಕಡೆ ಒಮ್ಮೆ ನೋಡಿದಳು, ನನ್ನ ಬೆರಳುಗಳನ್ನು ತನ್ನ ಎಡಗೈಯಲ್ಲಿ ಹಿಡಿದು ಎಳೆಗಳ ಮೇಲೆ ಇಟ್ಟಳು, ಕಿವಿಯ ಹತ್ತಿರ ಬಾಯಿ ತಂದು ಸಾಲನ್ನು ಹೇಳಿದಳು.

ಜಮೀಲಾಬಿ ಬಾಗಿಲಲ್ಲಿ ನಿಂತಿದ್ದು ಆಮೇಲೆ ಕಂಡಿತು.

"ಜರೀನಾ, ಅಕಿ ಬರೂ ವರ್ಷ ಕುಬಿಹಾಳದಾಗ ಇರ್ತಾಳ" ಎಂದಳು.

"ಗೊತ್ತೈತಿ" ಎಂದಳು ಅಮ್ಮ. "ಅದಕ್ಕ ಈ ವರ್ಷ ಹೇಳಾಕತ್ತೀನಿ. ನೀ ಒಳಗ ಬಾ, ಇಲ್ಲಾ ಬಾಗಿಲಾ ಹಾಕು."

ಜಮೀಲಾಬಿ ಬಾಗಿಲು ಎಳೆದುಕೊಂಡು ಹೋದಳು. ಸಂಜೆಯ ಹೊತ್ತಿಗೆ ನವಿಲು ತಿರುಗಿ ತನ್ನ ಬಾಲ ನೋಡಿಕೊಂಡಿತು.

ಸೆಪ್ಟೆಂಬರ್ ೩೦, ಮಂಗಳವಾರ

ಕಾಂಟ್ರಾಕ್ಟನ್ನು ಬ್ಲಾಕ್‌ಚೈನ್ ಮೇಲೆ ಏರಿಸಿಬಿಟ್ಟೆ. ಬೆಳಿಗ್ಗೆ ಸರ್ ಫೋನಿನಲ್ಲೇ ಇದ್ದರು, ಒಂದು ಗುಂಡಿ ಒತ್ತಲು ಗಂಟಲು ಸರಿಮಾಡಿಕೊಂಡು ಮೂರರಿಂದ ಒಂದರವರೆಗೆ ಎಣಿಸಿದರು.

"ಎಲ್ಲಾ ಬರೋಬರಿ ಐತಲ್ಲ?" ಎಂದು ಕೇಳಿದರು.

"ಅಮ್ಮ ಕಂಪ್ಯೂಟರಿಗೆ ಏನ್ ಹೇಳ್ಯಾಳ, ಅದರಾಗ ಅಷ್ಟೂ ಐತ್ರಿ. ಒಂದಕ್ಷರ ಹೆಚ್ಚು ಕಡಿಮಿ ಇಲ್ಲ."

ಒಂಬತ್ತು ಕೆಂಪು, ಎರಡು ನೀಲಿ, ಐದು ಕೆಂಪು. ಇನ್ನು ಅದನ್ನು ನಾನೂ ತಿದ್ದಲಾರೆ. ಫೋಟೋ ಕೇಳಿದ್ದರು, ಮಗ್ಗದ ಮೇಲಿನ ನವಿಲಿನ ಫೋಟೋ ಕಳಿಸಿದೆ. ಎರಡನ್ನೂ ಹೋಲಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಯಂತ್ರಮಗ್ಗದವರು ಸಾವಿರಗಟ್ಟಲೆ ತೆಗೆಯಲಿ, ಕತ್ತು ಮುರಿದ ನವಿಲಿಗೂ ಗಿರಾಕಿ ಇದ್ದೇ ಇರುತ್ತಾರೆ. ಇದು ಮೋಸವೇ ಎಂದು ಒಂದು ನಿಮಿಷ ಯೋಚಿಸಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು.

ಸರ್‌ಗೆ ಬಹಳ ಸಂತೋಷವಾಗಿದೆ. ಮುಂದಿನ ಕೆಲಸಕ್ಕೂ ನಾನೇ ಎಂದಿದ್ದಾರೆ, ಜಮೀಲಾಬಿಯ ಮನೆಯ ವಿನ್ಯಾಸ ತರಬೇಕಂತೆ. ಕೇಳಿ ನೋಡುತ್ತೇನೆ ಎಂದೆ. ಅವಳು ಇಲ್ಲ ಅನ್ನುವುದಿಲ್ಲ, ಎಲ್ಲ ಹೇಳುತ್ತಾಳೆ.

ಕುಬಿಹಾಳದವರು ಮದುವೆಯನ್ನು ರಂಜಾನ್ ಆದಮೇಲೆ ಎಂದಿದ್ದಾರೆ. ಅಲ್ಲಿಯವರೆಗೆ ಈ ಜಮಖಾನ ಮುಗಿಯಬೇಕು, ಇನ್ನೊಂದು ನವಿಲು ಬಾಕಿ ಇದೆ. ಸಾಧಿಕ್ ಗೋದಾಮಿನ ಮಗ್ಗುಲಿಗೆ ಒಂದು ಖೋಲಿ ಖಾಲಿ ಮಾಡಿಸುತ್ತಿದ್ದಾನಂತೆ, ಮಗ್ಗಕ್ಕೆ ಎತ್ತರ ಎಷ್ಟು ಬೇಕು ಎಂದು ಕೇಳಿ ಮೆಸೇಜ್ ಹಾಕಿದ್ದಾನೆ. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು ಬರೆದೆ.

ಶನಿವಾರ ಸುಸ್ತಾಗಿ ಅಮ್ಮ ಹೇಳಿದ ಸಾಲನ್ನು ಇಲ್ಲಿ ಬರೆದಿರಲಿಲ್ಲ. ಎಲ್ಲಾ ಬರೆದಿದ್ದೇನೆ, ಅದೊಂದೇ ಯಾಕೆ ಬಿಡುವುದೆಂದು ಈಗ ಪೆನ್ನು ಹಿಡಿದೆ. ಒಂದು ಬಣ್ಣ ಬರೆದು, ಕಾಟು ಹೊಡೆದೆ. ಮೇಲಿಂದ ಇನ್ನೊಂದು ಸಲ ಗೀಚಿದೆ, ಓದಲು ಬರದ ಹಾಗೆ. ಪುಸ್ತಕ ಮೇಜಿನ ಮೇಲೆಯೇ ಬಿದ್ದಿರುತ್ತದೆ, ರೂಬಿನಾ ಧೂಳು ಒರೆಸಲು ಬರುತ್ತಾಳೆ, ಅವಳಿಗೆ ಓದಲು ಬರುತ್ತದೆ.